ಗಾಳಿಯ ಮರುದಿನ ಮನೆಗೆ ಬಂದ ಬೋಯರ್ ಯುದ್ಧ

ಸಿಯಾಟಲ್ ಕಡೆ ನಾನು ಬಳ್ಳಾರಿಯವಳು ಎಂದರೆ ಜನ ನಕ್ಕು ಸುಮ್ಮನಾಗುತ್ತಿದ್ದರು. ಮಿಲ್ ಕ್ರೀಕ್‌ನಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯ ಮುದುಕರು ಮಾತ್ರ ಎಳೆಯುತ್ತಿದ್ದ ಕಸದ ಡಬ್ಬಿಯನ್ನು ರಸ್ತೆಯಲ್ಲೇ ಬಿಟ್ಟು ಹತ್ತಿರ ಬಂದರು.

"ಬ್ರಿಟಿಷರು ಕೈದಿಗಳನ್ನು ಇಟ್ಟಿದ್ದ ಬಳ್ಳಾರಿಯೇ?"

ಅವರು ದಕ್ಷಿಣ ಆಫ್ರಿಕಾದವರು. ಅಲ್ಲಿ ತಲೆಮಾರುಗಳಿಂದ ನೆಲೆಸಿದ್ದ ಡಚ್ ಮೂಲದ ರೈತರ, ಅಂದರೆ ಬೋಯರರ, ವಂಶದವರು. ನೂರು ವರ್ಷದ ಹಿಂದೆ ಬ್ರಿಟಿಷರ ವಿರುದ್ಧ ಹೋರಾಡಿ ಸಿಕ್ಕಿಬಿದ್ದ ಅವರ ಅಜ್ಜನನ್ನು ಹಡಗಿನಲ್ಲಿ ಹಾಕಿ ಇಂಡಿಯಾಕ್ಕೆ, ನಮ್ಮೂರಿಗೆ ಸಾಗಿಸಿದ್ದರಂತೆ. ಅಜ್ಜನ ತಮ್ಮ ಅಲ್ಲೇ ಜ್ವರದಿಂದ ಸತ್ತ. ಅತ್ತ ಊರಿನಲ್ಲಿ ಸೈನಿಕರು ಮನೆ ಸುಟ್ಟು, ಅಜ್ಜಿಯನ್ನೂ ಎರಡು ಮಕ್ಕಳನ್ನೂ ಟೆಂಟುಗಳ ಕ್ಯಾಂಪಿಗೆ ತಳ್ಳಿದರು. ಮಕ್ಕಳು ದಡಾರದಿಂದ ಹೋದವು. ಇದನ್ನೆಲ್ಲ ಅವರು ಮೊನ್ನೆ ನಡೆದದ್ದೆಂಬಂತೆ ಹೇಳಿದರು. ಬಳ್ಳಾರಿಯಲ್ಲೇ ಹುಟ್ಟಿ ಬೆಳೆದ ನನಗೆ ಇದರ ಒಂದಕ್ಷರವೂ ಗೊತ್ತಿರಲಿಲ್ಲ.

ನನ್ನ ಅಣ್ಣನಿಗೆ ಫೋನ್ ಮಾಡಿದೆ. "ಏನವಾ, ಅಮೆರಿಕಾಕ್ಕ ಹೋಗಿ ಬಳ್ಳಾರಿ ಹಿಸ್ಟರಿ ಕಲೀಲಿಕತ್ತಿಯೇನು?" ಎಂದು ನಗಾಡಿದರೂ ಹೋಗಿ ಹಳೆಯ ಗೋರಿಗಳನ್ನೆಲ್ಲ ನೋಡಿ ಬಂದ. ಮುದುಕರ ಅಜ್ಜನ ತಮ್ಮನ ಹೆಸರು ಸಿಗಲಿಲ್ಲ. ಮುದುಕರು, "ಹುಡುಕಿದರಲ್ಲ, ಅಷ್ಟು ಸಾಕು" ಎಂದರು. ಅಂದಿನಿಂದ ತಮ್ಮ ದೇಶದ ರೀತಿಯಲ್ಲಿ ತಾವೇ ಬೇಯಿಸಿದ ಮಜ್ಜಿಗೆ ರಸ್ಕುಗಳನ್ನು ಡಬ್ಬಿ ತುಂಬಿಸಿ ತಂದು ಕೊಡುತ್ತಿದ್ದರು.

ಎರಡು ಸಾವಿರದ ಆರರ ಡಿಸೆಂಬರಿನಲ್ಲಿ ದೊಡ್ಡ ಗಾಳಿ ಬೀಸಿತು. ಬೆಳಗಾಗುವಷ್ಟರಲ್ಲಿ ಮರಗಳು ತಂತಿಗಳ ಮೇಲೆ ಮಲಗಿದ್ದವು, ಎಲ್ಲೂ ಕರೆಂಟಿಲ್ಲ. ನಾರ್ತ್ ಕ್ರೀಕ್‌ನ ನನ್ನ ಆಫೀಸಿನಲ್ಲಿ ಒಬ್ಬ ಗೆಳತಿಯಿದ್ದಳು, ದಕ್ಷಿಣ ಆಫ್ರಿಕಾದ ಜುಲು ಜನಾಂಗದವಳು. ಅವಳ ಅಪಾರ್ಟ್‌ಮೆಂಟಿನಲ್ಲಿ ಒಲೆ, ಹೀಟರ್ ಎಲ್ಲ ಕರೆಂಟಿನದೇ.

"ಕರ್ಕೊಂಡ್ ಬಾ, ನಮ್ಮನೇಲಿ ಗ್ಯಾಸ್ ಇದೆ, ಫೈರ್‌ಪ್ಲೇಸ್ ಇದೆ," ಎಂದರು ನನ್ನ ಗಂಡ. "ಪಕ್ಕದ್ಮನೆ ಅಂಕಲ್‌ನೂ ಕರ್ದಿದೀನಿ. ಒಂದೇ ದೇಶದೋರು, ಖುಷಿಯಾಗತ್ತೆ ಇಬ್ರಿಗೂ."

ನನಗೂ ಹಾಗೇ ಅನ್ನಿಸಿತ್ತು. ಮಧ್ಯಾಹ್ನ ಬೆಂಕಿಯ ಮುಂದೆ ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತೆವು. ರಸ್ಕು ನೋಡಿ ಅವಳು ನಕ್ಕಳು ಕೂಡ. ಆಮೇಲೆ ನನ್ನ ಗಂಡ ಮಾತು ಬೆಳೆಸಲೆಂದು ಬಳ್ಳಾರಿಯ ಸುದ್ದಿ ತೆಗೆದರು. ಮುದುಕರು ಹೇಳುತ್ತಾ ಹೋಗಿ ಆ ಎರಡು ಮಕ್ಕಳ ಹತ್ತಿರ ಬಂದಾಗ ಅವರ ದನಿ ಒಡೆಯಿತು.

ಅವಳು ತಟ್ಟೆ ಕೆಳಗಿಟ್ಟಳು. "ನಮ್ಮವರನ್ನೂ ಅಂಥ ಕ್ಯಾಂಪುಗಳಿಗೆ ಹಾಕಿದ್ದರು. ನಿಮ್ಮ ಹೊಲಗಳಲ್ಲಿ ದುಡಿಯುತ್ತಿದ್ದವರನ್ನು. ನಿಮ್ಮ ಮಕ್ಕಳಿಗೆ ಸ್ಮಾರಕ ಕಟ್ಟಿದಿರಿ. ನಮ್ಮ ಮಕ್ಕಳನ್ನು ಎಲ್ಲಿ ಹೂತರು ಅಂತ ಗೊತ್ತಾ ನಿಮಗೆ?"

"ಅದು ಬ್ರಿಟಿಷರು ಮಾಡಿದ್ದು."

"ಹೌದು. ಆಮೇಲೆ ಬ್ರಿಟಿಷರೂ ನೀವೂ ರಾಜಿಯಾಗಿ ನಮ್ಮ ನೆಲ ಹಂಚಿಕೊಂಡಿರಿ."

ಅವಳ ಮುತ್ತಜ್ಜ ಈಟಿ ಹಿಡಿದು ಬ್ರಿಟಿಷರ ಬಂದೂಕುಗಳ ಎದುರು ಗೆದ್ದ ಯುದ್ಧದಲ್ಲಿದ್ದವನಂತೆ. ಆ ಗೆಲುವು ಉಳಿಯಲಿಲ್ಲ. ಮುಂದೆ ಬ್ರಿಟಿಷರು ಹೇರಿದ ತಲೆಗಂದಾಯದ ವಿರುದ್ಧದ ದಂಗೆಯಲ್ಲಿ ಅವನ ಮಗನನ್ನು, ಅಂದರೆ ಅವಳ ಅಜ್ಜನನ್ನು, ಚಾವಟಿಯಿಂದ ಬೆನ್ನು ಸುಲಿಯುವಂತೆ ಹೊಡೆದರು. ಅವಳು ನಮ್ಮ ಕಡೆ ತಿರುಗಿದಳು. "ಬಿಳಿಯ ನರ್ಸುಗಳು ಆ ಬೆನ್ನು ಮುಟ್ಟಲಿಲ್ಲ. ಗಾಯ ತೊಳೆದವರು ಅಲ್ಲಿ ನೆಲೆಸಿದ್ದ ಇಂಡಿಯನ್ನರು."

ನನ್ನ ಗಂಡನ ಮುಖ ಅರಳಿತು.

"ಬ್ರಿಟಿಷರ ಕಡೆಯಿಂದ ಬಂದವರು," ಎಂದಳು ಅವಳು. "ಬ್ರಿಟಿಷರದ್ದೇ ಯೂನಿಫಾರ್ಮ್ ಹಾಕಿಕೊಂಡು."

ಮುದುಕರು ಕೋಟು ತೆಗೆದುಕೊಂಡು ಹೊರಟೇಬಿಟ್ಟರು. ಹೃದಯದ ಆಪರೇಷನ್ ಆದ ಮನುಷ್ಯ, ಫೈರ್‌ಪ್ಲೇಸೂ ಇಲ್ಲದ ಅವರ ಮನೆ ಹಿಮದ ಗುಹೆಯಂತಿತ್ತು. ನನ್ನ ಗಂಡ ಹೋಗಿ ಬಾಗಿಲು ಬಡಿದು ಬಂದರು. "ತೆಗೀತಾನೇ ಇಲ್ಲ ಕಣೆ. ಒಳಗೆ ಓಡಾಡೋ ಸದ್ದು ಕೇಳ್ತಿದೆ." ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯಲಿಲ್ಲ. ಹಾಲ್‌ನಲ್ಲಿ ಅವಳು, ಗೋಡೆಯಾಚೆ ಅವರು; ನಡುವೆ ನಾನು ಪಾತ್ರೆ ತೊಳೆಯುತ್ತಾ ನಿಂತಿದ್ದೆ.

ಬೆಳಕು ಇಳಿಯತೊಡಗಿದಾಗ ಅವಳು ಎದ್ದು ಬೂಟು ಹಾಕಿಕೊಂಡಳು. ನಾನೂ ಹಿಂದೆಯೇ ಹೋದೆ. ಅವರ ಬಾಗಿಲನ್ನು ಮುಷ್ಟಿಯಿಂದ ಗುದ್ದಿ, ನನಗರ್ಥವಾಗದ ಭಾಷೆಯಲ್ಲಿ ಗಟ್ಟಿಯಾಗಿ ಏನೋ ಹೇಳಿದಳು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಕಂಬಳಿ ಹೊದ್ದು ನಿಂತಿದ್ದ ಮುದುಕರ ತುಟಿಗಳು ನೀಲಿಗಟ್ಟಿದ್ದವು.

"ಏನಂದೆ?" ಎಂದು ಆಮೇಲೆ ಅಡುಗೆಮನೆಯಲ್ಲಿ ಕೇಳಿದೆ.

"'ಅಜ್ಜ, ಹೊರಗೆ ಬಾ, ಸಾಯಬೇಡ' ಅಂದೆ. ಬೋಯರರ ಭಾಷೆಯಲ್ಲಿ. ಸ್ಕೂಲಿನಲ್ಲಿ ಹೊಡೆದು ಕಲಿಸಿದ್ದರು. ದೇಶ ಬಿಟ್ಟ ಮೇಲೆ ಇವತ್ತೇ ಅದನ್ನು ಬಾಯಿಗೆ ತಂದದ್ದು." ಅವಳಿಗೆ ನೀರು ಕೊಟ್ಟೆ.

ಮುದುಕರನ್ನು ಮತ್ತೆ ನಮ್ಮ ಬೆಂಕಿಯ ಮುಂದೆ ಕೂರಿಸಿದೆವು. ಮೈ ಬಿಸಿಯಾದ ಮೇಲೆ ಅವರು ಬೆಂಕಿಯನ್ನೇ ನೋಡುತ್ತಾ ಹೇಳಿದರು: ಅಜ್ಜನ ಕುದುರೆ ನೋಡಿಕೊಳ್ಳುತ್ತಿದ್ದ ಒಬ್ಬ ಕಪ್ಪು ಆಳನ್ನೂ ಜೊತೆಯಲ್ಲೇ ಬಳ್ಳಾರಿಗೆ ಒಯ್ದಿದ್ದರಂತೆ. ಮನೆಯಲ್ಲಿ ಹೇಳುತ್ತಿದ್ದ ಕತೆಗಳಲ್ಲಿ ಅವನು ಒಲೆ ಹಚ್ಚುತ್ತಿದ್ದ, ಬೂಟು ಹೊಲಿಯುತ್ತಿದ್ದ.

"ವಾಪಸ್ ಬಂದನಾ?" ಎಂದಳು ಅವಳು.

"ಗೊತ್ತಿಲ್ಲ. ನಾನು ಕೇಳಲೇ ಇಲ್ಲ."

"ಹೆಸರು?"

ಅವರು ತಲೆಯಲ್ಲಾಡಿಸಿದರು. ಅವಳು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು.

ಮರುದಿನ ಅವಳ ಕಡೆ ಕರೆಂಟು ಬಂತು. ಹೊರಡುವಾಗ ಮುದುಕರು ಎದ್ದು ನಿಂತರು. ಕೈ ಚಾಚಬೇಕೋ ಬೇಡವೋ ತಿಳಿಯದೆ ಹಾಗೇ ನಿಂತರು. ಅವಳು ನನ್ನನ್ನು ತಬ್ಬಿ, ಅವರಿಗೆ ತಲೆಬಾಗಿಸಿ, ಕಾರು ಹತ್ತಿದಳು.

ಆಮೇಲೆ ಅವರು ಸಿಕ್ಕಾಗೆಲ್ಲ "ನಿಮ್ಮ ಗೆಳತಿ ಹೇಗಿದ್ದಾಳೆ?" ಎಂದು ಕೇಳುತ್ತಿದ್ದರು. ಒಮ್ಮೆ ಅವಳನ್ನು ಊಟಕ್ಕೆ ಕರೆದೆ. "ಅವರನ್ನು ಕರೆಯದ ದಿನ ಹೇಳು, ಬರುತ್ತೇನೆ" ಎಂದಳು. ಹಾಗೇ ಒಂದು ಭಾನುವಾರ ಬಂದಳು. ಊಟದ ನಡುವೆ ಗೋಡೆಯಾಚೆಯಿಂದ ಮುದುಕರ ಕೆಮ್ಮು ಕೇಳಿಸಿತು. ಅವಳು ಒಂದು ಕ್ಷಣ ಕಿವಿಗೊಟ್ಟಳು. ಆಮೇಲೆ ಊಟ ಮುಗಿಯುವವರೆಗೂ ತಗ್ಗಿದ ದನಿಯಲ್ಲೇ ಮಾತಾಡಿದಳು.