ಮೂರು ಸಲ ಹರಾಜಾದ ಕುಂಬಳಕಾಯಿ

ಕುಂಬಳಕಾಯಿಯನ್ನು ಅವರು ಎತ್ತುತ್ತಿದ್ದುದು ಹಸುಗೂಸನ್ನು ಎತ್ತುವ ಹಾಗೆ: ಒಂದು ಅಂಗೈ ತಲೆಯ ಕೆಳಗೆ, ಇನ್ನೊಂದು ಬೆನ್ನಿಗೆ. ಕಾಯಿಗೆ ತಲೆ ಯಾವುದು, ಬೆನ್ನು ಯಾವುದು ಎಂಬುದು ಅವರಿಗೆ ಗೊತ್ತಿತ್ತು. ವಿಜಯವಾಡದ ಹೆರಿಗೆ ಆಸ್ಪತ್ರೆಯಲ್ಲಿ ಆಯುಷ್ಯ ಕಳೆದು, ನಿವೃತ್ತರಾಗಿ ವಿಶಾಖಪಟ್ಟಣಕ್ಕೆ, ನಮ್ಮ ಮೇಲಿನ ಮನೆಗೆ ಬಂದ ನರ್ಸಮ್ಮ. ತಾಯಿ ಬಳ್ಳಾರಿಯವರಾದ್ದರಿಂದ ನನ್ನೊಡನೆ ಕನ್ನಡ. ಕೊನೆಗೊಂದು ತೆಲುಗಿನ ‘ಬಾಬು’.

ಅವರಿಗಿದ್ದದ್ದು ಒಂದೇ ಹಟ. ಹತ್ತಿರದ ಭೀಮುನಿಪಟ್ಟಣದ ಹಳೆಯ ಚರ್ಚಿನ ಸೂರನ್ನು ಗೆದ್ದಲು ತಿಂದಿತ್ತು. ಬಾಗಿಲಿಗೆ ಬೀಗ ಹಾಕಿ, ಪ್ರಾರ್ಥನೆಯನ್ನು ಅಂಗಳದ ಶಾಮಿಯಾನಕ್ಕೆ ಸಾಗಿಸಿದ್ದರು. “ನನ್ನ ಮದುವೆ ಅಲ್ಲೇ ಆಗೈತೆ. ಹೆಣದ ಪೆಟ್ಟಿಗೇನೂ ಅಲ್ಲಿಂದಾನೇ ಹೊರಡಬೇಕು ಬಾಬು, ಶಾಮಿಯಾನದಿಂದ ಅಲ್ಲ” ಎನ್ನುತ್ತ, ಬಟ್ಟೆಯ ಚೀಲ ಹಿಡಿದು ನಮ್ಮ ಟೌನ್‌ಶಿಪ್‌ನ ಮನೆಮನೆಗೂ ಚಂದಾಕ್ಕೆ ಹೋಗುತ್ತಿದ್ದರು.

ನಾನೋ ಕಾರ್ಖಾನೆಯಲ್ಲಿ ಗುಣಮಟ್ಟ ತಪಾಸಣೆಯ ಇಂಜಿನಿಯರ್. ಅನುಮಾನಕ್ಕೇ ಸಂಬಳ. ರಜೆಯಲ್ಲೂ ಅಭ್ಯಾಸ ತಪ್ಪಬಾರದೆಂದು ಹಾಲು, ಗ್ಯಾಸ್ ಸಿಲಿಂಡರು, ಹೆಂಡತಿಯ ತವರಿನವರು, ಎಲ್ಲರನ್ನೂ ಶಂಕಿಸುತ್ತೇನೆ. ನರ್ಸಮ್ಮ ತಿಂಗಳಿಗೊಮ್ಮೆ ವಿಜಯವಾಡದ ರೈಲು ಹತ್ತುತ್ತಿದ್ದುದು ಚೀಲ ತುಂಬಿದ ಮರುದಿನವೇ ಎಂಬುದನ್ನೂ ಗಮನಿಸಿದ್ದೆ.

ಚರ್ಚಿನ ಕೊಯ್ಲಿನ ಹಬ್ಬಕ್ಕೆ ಅವರೇ ಕರೆದೊಯ್ದರು. ಜನ ತಂದ ಭತ್ತ, ಬಾಳೆಗೊನೆ, ಕೋಳಿಗಳ ಹರಾಜು, ಬಂದ ಹಣ ಸೂರಿಗೆ. ತೊಟ್ಟಿನ ಬಳಿ ಬಿಳಿ ಗಾಯವಿದ್ದ ಕುಂಬಳಕಾಯಿಯನ್ನು ನರ್ಸಮ್ಮ ಎತ್ತಿ ತೋರಿಸಿದರು. ಮೀನಿನ ವ್ಯಾಪಾರಿಯೊಬ್ಬ ಕೊಂಡ. ಸ್ವಲ್ಪ ಹೊತ್ತಿಗೆ ಅದೇ ಗಾಯದ ಕಾಯಿ ಮತ್ತೆ ಮೇಜಿನ ಮೇಲೆ! ಈ ಸಲ ಒಬ್ಬ ಟೀಚರಮ್ಮ ಕೊಂಡರು. ಮತ್ತೆ ಮೇಜಿಗೆ. ಮೂರನೆಯ ಸಲಕ್ಕೆ ನನಗೆ ಎಲ್ಲ ಸ್ಪಷ್ಟವಾಯಿತು: ಕೂಗುವವರೆಲ್ಲ ಇವರದೇ ಜನ, ಇದು ಬರೀ ನಾಟಕ, ಚೀಲದ ದುಡ್ಡು ಹೋಗುವುದು ವಿಜಯವಾಡಕ್ಕೆ.

ಮನೆಗೆ ಬಂದು ಇಬ್ಬರಿಗೆ ಮಾತ್ರ ಹೇಳಿದೆ, ಗುಟ್ಟಾಗಿ. ನಮ್ಮ ಟೌನ್‌ಶಿಪ್‌ನಲ್ಲಿ ಮೈಕಿಗಿಂತ ಗುಟ್ಟಿಗೇ ವೇಗ ಹೆಚ್ಚು. ಮುಂದಿನ ವಾರ ನರ್ಸಮ್ಮನಿಗೆ ಒಂದು ಬಾಗಿಲೂ ತೆರೆಯಲಿಲ್ಲ. ಖಾಲಿ ಚೀಲ ಮಡಚಿಕೊಂಡು ನಮ್ಮ ಮನೆಯಲ್ಲಿ ಬಂದು ಕೂತರು.

“ಯಾರೋ ಏನೋ ಹೇಳ್ಯಾರೆ. ಮಳೆಗಾಲ ಬಂತಂದ್ರೆ ಗೋಡೆನೂ ಕುಸೀತೈತೆ.”

ನಾನು ಕಾಫಿ ಲೋಟವನ್ನೇ ನೋಡುತ್ತ ಕೇಳಿದೆ: “ಆ ಕುಂಬಳಕಾಯಿನ ಮೂರು ಸಲ ಯಾಕೆ ಮಾರಿದ್ರಿ, ನರ್ಸಮ್ಮ?”

“ಅಯ್ಯೋ, ದುಡ್ಡು ಕೊಟ್ಟು ಕೊಂಡೋರು ಕಾಯಿನ ತಿರುಗಿ ಕಾಣಿಕೆ ಕೊಡ್ತಾರೆ, ಇನ್ನೊಬ್ಬರು ಕೂಗಲಿ ಅಂತ. ನಮ್ಮ ಅಜ್ಜನ ಕಾಲದಿಂದ ಹಂಗೇ. ಒಬ್ಬರೇ ಒಯ್ದು ಸಾರು ಮಾಡಿದ್ರೆ ಸೂರು ಏಳ್ತೈತಾ?” ನಗುತ್ತಿದ್ದವರು ತಟ್ಟನೆ ನಿಲ್ಲಿಸಿದರು. “ಓಹೋ... ನೀನಾ ಬಾಬು?”

“ಇನ್ಯಾರು!” ಎಂದಳು ಒಳಗಿನಿಂದ ನನ್ನ ಹೆಂಡತಿ.

ನರ್ಸಮ್ಮ ಬೈಯಲಿಲ್ಲ. “ನಾಳೆಯಿಂದ ಚೀಲ ನೀನು ಹಿಡಿ. ಹೇಳಿದ ಬಾಯಲ್ಲೇ ಕೇಳು” ಎಂದರಷ್ಟೇ. ಮನೆಮನೆಗೂ ಹೋಗಿ ತಪ್ಪು ನನ್ನದೆಂದು ಒಪ್ಪುವ ಹೊತ್ತಿಗೆ ಶರ್ಟು ಬೆನ್ನಿಗೆ ಅಂಟಿತ್ತು. ಬಾಗಿಲುಗಳು ತೆರೆದವು, ನಿಧಾನವಾಗಿ. ಕೆಲವರು ಈಗ ನನ್ನನ್ನೇ ಶಂಕಿಸಿದರು: ಇವನ ಪಾಲೆಷ್ಟೋ?

ತೊಲೆಗಳು ಬಂದದ್ದು ವಿಜಯವಾಡದಿಂದ. ಅಲ್ಲಿನ ಮರದ ವ್ಯಾಪಾರಿಯ ಮಕ್ಕಳು ಹುಟ್ಟಿದ್ದು ಇವರ ಕೈಯಲ್ಲಿ. ತಿಂಗಳಿಗೊಮ್ಮೆ ರೈಲು ಹತ್ತುತ್ತಿದ್ದುದು ಚೌಕಾಸಿಗೆ. “ಒಂದೊಂದೂ ತಟ್ಟಿ ನೋಡು. ನಿಂಗೆ ಯಾರ ಮೇಲೂ ನಂಬಿಕೆ ಇಲ್ಲವಲ್ಲ, ಅದು ಇಲ್ಲಿ ಬೇಕು” ಎಂದರು. ತಟ್ಟಿದೆ. ಎರಡು ಟೊಳ್ಳು, ವಾಪಸು ಕಳಿಸಿದೆವು. ಆಮೇಲೆ ನನ್ನ ಬೆನ್ನನ್ನೂ ತಟ್ಟಿದರು. ಮೆಚ್ಚುಗೆಯೋ ಪರೀಕ್ಷೆಯೋ, ಕೇಳುವ ಧೈರ್ಯವಾಗಲಿಲ್ಲ.

ಸೂರು ಮುಗಿದ ಮರುವರ್ಷ ಅವರು ಹೋದರು. ಪೆಟ್ಟಿಗೆ ಚರ್ಚಿನೊಳಗಿನಿಂದಲೇ ಹೊರಟಿತು. ಪ್ರಾರ್ಥನೆಯುದ್ದಕ್ಕೂ ನಾನೊಬ್ಬನೇ ತಲೆ ಬಾಗಿಸದೆ ತೊಲೆಗಳನ್ನು ನೋಡುತ್ತಿದ್ದೆ, ಎಲ್ಲಾದರೂ ಬಿರುಕು ಕಂಡೀತೇನೋ ಎಂದು.

ಈ ಸಲದ ಹಬ್ಬದಲ್ಲಿ ಒಂದು ಕುಂಬಳಕಾಯಿಗೆ ನಾನೂ ಕೂಗಿದೆ. ನನಗೇ ಬಂತು. ಒಂದು ಅಂಗೈ ತಲೆಯ ಕೆಳಗೆ, ಇನ್ನೊಂದು ಬೆನ್ನಿಗೆ ಕೊಟ್ಟು ಎತ್ತಿ, ಮತ್ತೆ ಮೇಜಿನ ಮೇಲೆ ಮಲಗಿಸಿದೆ. ಹಿಂದಿನ ಸಾಲಿನಲ್ಲಿ ಹೊಸಬರೊಬ್ಬರು ಕಣ್ಣು ಕಿರಿದು ಮಾಡಿ ಪಕ್ಕದವರ ಕಿವಿಗೆ ಬಾಗಿದರು. ಏನೆಂದಿರಬಹುದು ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?