ಗೋಡೆಯ ಎರಡು ತೂತು

ಮರ್ವಿನ್ ಟ್ರೆಲೋರ್ ತೂಗುಹಾಕಿದ ಗ್ಯಾಸ್ ಹೀಟರನ್ನು ನಂಬಿದವರು ಇಡೀ ಟಾಸ್ಮೇನಿಯಾದಲ್ಲಿ ಒಬ್ಬರೂ ಚಳಿಗೆ ನಡುಗಿದ್ದಿಲ್ಲ ಎಂದು ನಾನು ಪಬ್ಬಿನಲ್ಲಿ ಮೇಜು ಗುದ್ದಿ ಹೇಳುತ್ತಿದ್ದೆ.

ನಮ್ಮ ಕುರಿಸೀಮೆಯ ಸಭಾಭವನದ ಚಳಿ ಸಾಮಾನ್ಯದ್ದಲ್ಲ. ಜುಲೈ ಎಂದರೆ ನಮ್ಮಲ್ಲಿ ನಡುಚಳಿಗಾಲ; ಒಂದು ಜುಲೈನಲ್ಲಿ ಚಹಾಕ್ಕೆ ಹಾಲನ್ನು ಕೊಡಲಿಯಿಂದ ಕಡಿದು ಹಾಕಿದ್ದೇವೆ. ಅದಕ್ಕೇ ನಮ್ಮಲ್ಲೊಂದು ಪದ್ಧತಿ: ಚಳಿಗಾಲ ಹತ್ತಿರವಾದಾಗ ಮನೆಗೊಂದು ಹಿಡಿ ಕೊಳಕು ಉಣ್ಣೆ ತಂದು ಭವನದ ಗೋಡೆಯ ಬಿರುಕುಗಳಿಗೆಲ್ಲ ತುರುಕುವುದು. ಆ ದಂಡಿಗೆ ನಾಯಕಿ ಸಮಿತಿಯ ಅಧ್ಯಕ್ಷೆ, ಮುದುಕಿ ಎನಿಡ್ ಪ್ರಿಂಗಲ್. ಇರುವೆ ಒಳಬರಲಿಕ್ಕೂ ಆಕೆಯ ಅಪ್ಪಣೆ ಬೇಕು.

ಮರ್ವಿನ್ ನಮ್ಮೂರ ಗ್ಯಾಸ್ ಕೆಲಸದವನು. ಅವನ ಹೆಂಡತಿ ಊನಾ, ಕೂದಲು ಕಪ್ಪಿದ್ದಾಗಿನಿಂದ ಭವನದ ಕುಣಿತಕ್ಕೆ ಪಿಯಾನೊ ನುಡಿಸಿದವಳು. ಶ್ವಾಸಕೋಶ ಸೋತ ಮೇಲೆ ತಣ್ಣನೆ ಕೋಣೆ ಕೂಡದೆಂದರು ಡಾಕ್ಟರು. ಜುಲೈ ಕುಣಿತಕ್ಕೆ ಕೊನೆಯ ಸಲ ನುಡಿಸಬೇಕೆಂಬುದೊಂದೇ ಅವಳ ಆಸೆ. ಸಮಿತಿ ಹೀಟರು ಹಾಕಿಸಲು ಒಪ್ಪಿತು, ಮರ್ವಿನ್ ಏಣಿ ಹತ್ತಿ ಅಳೆದ. ಕೆಂಪಗೆ ಕಾದು ಬಿಸಿಲಿನಂತೆ ಕೆಳಗೆ ಸುರಿಯುವ ಹೀಟರುಗಳವು. ಹೊಗೆಕೊಳವೆ ಇಲ್ಲ, ಸುಟ್ಟ ಗಾಳಿ ಕೋಣೆಯಲ್ಲೇ ಉಳಿಯುತ್ತದೆ. ಮರ್ವಿನ್ ಷರತ್ತು ಹಾಕಿದ: ಮರದ ಚಾವಣಿಯಿಂದ ಇಷ್ಟು ದೂರ, ನಡುವೆ ತಗಡಿನ ಮರೆ, ಕಾಗದದ ತೋರಣ ಬಂದ್. ಎಲ್ಲಕ್ಕೂ ಸಮಿತಿ ತಲೆಯಾಡಿಸಿತು. ಕೊನೆಗೆ ಅವನು, "ಗೋಡೆಗೆ ಎರಡು ತೂತು ಕೊರೀಬೇಕು. ಕೆಳಗೊಂದು, ಮೇಲೊಂದು" ಎಂದ.

"ಬೆಚ್ಚಗಾಗೋಕೆ ಹೀಟರು, ತಣ್ಣಗಾಗೋಕೆ ತೂತು!" ಎಂದಳು ಎನಿಡ್. "ಬಯಲಿನ ಕುರಿಗಳೂ ಚಳಿ ಕಾಯಿಸ್ಕೊಳ್ಲಿ ಅಂತಾನಾ ಮರ್ವ್?"

"ತೂತಿಲ್ದಿದ್ರೆ ಗಾಳಿ ವಿಷ ಆಗುತ್ತೆ ಕಣಮ್ಮ. ನಿದ್ದೆ ಬಂದ ಹಾಗೆ ಎಲ್ರೂ ಹೋಗ್ಬಿಡ್ತೀರಿ."

"ಪಾದ್ರಿ ಪ್ರವಚನದಲ್ಲೇ ಬದುಕಿ ಉಳಿದಿದೀವಿ, ಇದ್ಯಾವ ಲೆಕ್ಕ!"

ಸಮಿತಿ ನಕ್ಕು, ತೂತಿನ ಮಾತನ್ನು ಮುಂದಿನ ತಿಂಗಳಿಗೆ ಹಾಕಿತು. ಮುಂದಿನ ತಿಂಗಳು ಅದರ ಮುಂದಕ್ಕೆ ಹಾಕಿತು.

ಕುಣಿತದ ವಾರ ನಾನು ಮರ್ವಿನ್ ಮನೆಯ ಅಡುಗೆಕೋಣೆಯಲ್ಲಿದ್ದೆ. ಊನಾ ಕಂಬಳಿಯೊಳಗಿಂದ ಅಂದಳು: "ಒಂದೇ ಸಂಜೆ ಕಣೋ ಮರ್ವ್. ಹೀಟರು ತಗಲಿಸಿಬಿಡು. ಕಿಟಕಿ ತೆರೆದಿಟ್ರಾಯ್ತು."

"ನೀನು ಎರಡನೇ ಹಾಡಿಗೆ ಹೋಗೋಷ್ಟ್ರಲ್ಲಿ ಎನಿಡ್ ಮುಚ್ಚಿರ್ತಾಳೆ."

"ನಂಗೋಸ್ಕರಾನೂ ಆಗಲ್ವಾ?"

"ನಿಂಗೋಸ್ಕರಾನೇ ಬೇಡ ಅಂತಿರೋದು."

ಅವಳು ಮೇಜಿನ ಅಂಚಿನ ಮೇಲೆ ಪಿಯಾನೊ ನುಡಿಸಿದಂತೆ ಬೆರಳಾಡಿಸಿದಳು. ಆ ಶನಿವಾರ ನಾವು ಯಾರದೋ ಟೇಪ್ ರೆಕಾರ್ಡರಿಗೆ ಕುಣಿದೆವು, ಕೋಟು ತೊಟ್ಟುಕೊಂಡೇ.

ಪಿಯಾನೊ ಮುಂದಿನ ಖಾಲಿ ಸ್ಟೂಲು ನೋಡಿ ಸಮಿತಿಗೆ ನಾಚಿಕೆಯಾಯಿತೇನೋ, ತೂತಿಗೆ ಒಪ್ಪಿಗೆ ಸಿಕ್ಕಿತು. ಮರ್ವಿನ್ ಕೊರೆದ, ತೂಗುಹಾಕಿದ, ಒಂದನ್ನು ಊನಾಳ ಬೆರಳುಗಳಿಗೆ ಸರಿಯಾಗಿ ವಾಲಿಸಿದ. ಅಷ್ಟರಲ್ಲಿ ಊನಾ ತೀರಿಕೊಂಡಳು. ಹೀಟರುಗಳು ಊರಿಗಾಗಿ ಮೊದಲು ಉರಿದದ್ದು, ಅವಳನ್ನು ಮಣ್ಣು ಮಾಡಿ ಬಂದ ಮೇಲಿನ ಚಹಾಕ್ಕೆ. ನಂಬಿದವರು ನಡುಗಿಲ್ಲವೆಂದು ನಾನು ಮತ್ತೆಂದೂ ಮೇಜು ಗುದ್ದಲಿಲ್ಲ.

ಭವನ ಬೆಚ್ಚಗಾಯಿತು. ಅಲ್ಲಿ ಬೆಣ್ಣೆ ಕರಗುತ್ತದೆಂಬುದೇ ನಮಗೆ ಹೊಸ ಸುದ್ದಿ. ಪಿಯಾನೊ ಮೇಲೆ ತಿಂಡಿ ತಟ್ಟೆ ಇಡಲು ಮಾತ್ರ ಯಾರಿಗೂ ಕೈ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಮರ್ವಿನ್ ಎದ್ದು ಹೋಗಿ ಗ್ಯಾಸ್ ಆರಿಸಿದ. ಕಪ್ಪು ಕೋಟಿನಲ್ಲೇ ಮಂಡಿಯೂರಿ, ಕೆಳಗಿನ ತೂತಿನಿಂದ ಉಣ್ಣೆ ಕೀಳತೊಡಗಿದ. ತುರುಕಿದವಳು ಎನಿಡ್, ಮಣ್ಣು ಮಾಡಿ ಬಂದಾಗ ಮರ್ವಿನ್ ನಡುಗುತ್ತಿದ್ದುದು ಕಂಡು, ಕರುಳು ತಡೆಯದೆ.

"ಇವತ್ತೊಂದಿನ ಬಿಡಪ್ಪಾ ಮರ್ವ್" ಎಂದಳು ಕಣ್ಣೊರೆಸಿಕೊಳ್ಳುತ್ತ. "ಊನಾ ಹೆಸರಲ್ಲಾದ್ರೂ ಎಲ್ರೂ ಬೆಚ್ಚಗಿರ್ಲಿ."

ಮರ್ವಿನ್ ಕೈತುಂಬ ಉಣ್ಣೆ ಹಿಡಿದು ತಿರುಗಿದ.

"ಇವತ್ತಿಗೆ ಒಂದು ಹೆಣ ಸಾಕು ಎನಿಡಮ್ಮ. ನಿಮ್ಮದನ್ನ ಇನ್ನೊಂದಿನ ಇಟ್ಕೊಳ್ಳೋಣ."