ಬನ್ನಿನ ಮೇಲಿನ ಹೊಳಪು

ಬೇಕರಿಯಲ್ಲಿ ಇಪ್ಪತ್ತಾರು ವರ್ಷ ದುಡಿದವಳು ಎಂದರೆ ಜನ ಏನೇನೋ ಅಂದುಕೊಳ್ಳುತ್ತಾರೆ. ಹಿಟ್ಟು ನಾದಿರಬೇಕು, ಒಲೆ ನೋಡಿಕೊಂಡಿರಬೇಕು, ಕೇಕಿನ ಮೇಲೆ ಹೂವು ಬಿಡಿಸಿರಬೇಕು ಎಂದು. ಬ್ರಷ್ಷಕ್ಕ ಇದ್ಯಾವುದನ್ನೂ ಮಾಡಿದವಳಲ್ಲ. ಅವಳ ಕೆಲಸ ಒಂದೇ: ಬನ್ನುಗಳು ಒಲೆಗೆ ಹೋಗುವ ಮುಂಚೆ ಅವುಗಳ ಮೇಲೆ ಕಲಕಿದ ಮೊಟ್ಟೆಯನ್ನು ಬ್ರಷ್ಷಿನಿಂದ ಸವರುವುದು. ಅಷ್ಟೇನಾ ಎಂದು ಮೂಗು ಮುರಿಯುವವರು ಒಂದು ದಿನ ಸವರಿ ನೋಡಲಿ. ಜಾಸ್ತಿಯಾದರೆ ಮೊಟ್ಟೆ ಪಕ್ಕಕ್ಕೆ ಇಳಿದು ಬನ್ನು ಟ್ರೇಗೆ ಕಚ್ಚಿಕೊಳ್ಳುತ್ತದೆ. ಕಡಿಮೆಯಾದರೆ ಜ್ವರ ಬಿಟ್ಟವರ ಮುಖದ ಹಾಗೆ ಮಂಕಾಗುತ್ತದೆ. ಕೈ ಸ್ವಲ್ಪ ಭಾರವಾದರೂ ಉಬ್ಬಿದ ಹಿಟ್ಟು ಪುಸ್ಸೆಂದು ಕೂತುಬಿಡುತ್ತದೆ. ಇವಳು ಸವರಿದ ಬನ್ನು ಗಾಜಿನ ಕಪಾಟಿನಲ್ಲಿ ಕೂತರೆ ರಸ್ತೆಯ ಆಚೆ ಬದಿಗೂ ಕಾಣುವಂತೆ ಹೊಳೆಯುತ್ತಿತ್ತು. ಹೆತ್ತವರು ಇಟ್ಟ ಹೆಸರು ಎಲ್ಲರಿಗೂ ಮರೆತುಹೋಗಿ ಬ್ರಷ್ಷಕ್ಕ ಎಂಬುದೇ ಖಾಯಂ ಆದದ್ದು ಹಾಗೆ.

ಆ ಬೇಕರಿಯಲ್ಲಿ ಒಂದು ಪದ್ಧತಿಯಿತ್ತು. ಕಪಾಟಿನ ಮೇಲಿನ ಸಾಲಿಗೆ ‘ಮೊಟ್ಟೆ ಹಾಕದ ಬನ್ನು’ ಎಂಬ ಚೀಟಿ ಅಂಟಿಸಿದ್ದರು. ಆ ಹಿಟ್ಟಿಗೆ ಮೊಟ್ಟೆ ಹಾಕುತ್ತಿರಲಿಲ್ಲ, ಅದು ನಿಜ. ಆದರೆ ಟ್ರೇ ಇವಳ ಮುಂದೆ ಬಂದಾಗ ಅದೇ ಬೋಗುಣಿ, ಅದೇ ಬ್ರಷ್ಷು. ಹೊಸತರಲ್ಲಿ ಇವಳು ಕೇಳಿದ್ದಳು. “ಒಳಗಿದ್ರೆ ಮೊಟ್ಟೆ ಕಣಮ್ಮ, ಮೇಲಿದ್ರೆ ಬರೀ ಹೊಳಪು. ಒಲೆ ಒಳಗೆ ಅದು ಸುಟ್ಟೇ ಹೋಗುತ್ತೆ,” ಎಂದಿದ್ದರು ಬೇಕರಿಯ ಮಾಸ್ಟರ್. ದೊಡ್ಡವರು ಹೇಳಿದ ಮೇಲೆ ಮುಗಿಯಿತು. ಮತ್ತೆ ಇಪ್ಪತ್ತಾರು ವರ್ಷ ಅವಳು ಆ ಮಾತನ್ನು ತಿರುಗಿಸಿ ನೋಡಲಿಲ್ಲ.

ಕೆಲಸ ಬಿಟ್ಟ ಮೇಲೆ ಅವಳು ಮಗನ ಮನೆಯಲ್ಲಿದ್ದಳು. ಮಗ ಲಿಫ್ಟ್ ರಿಪೇರಿ ಮಾಡುವವನು. ಸೊಸೆ ಕನ್ನಡಕದ ಅಂಗಡಿಯಲ್ಲಿ ಊರವರ ಕಣ್ಣಿಗೆ ಗಾಜು ಹೊಂದಿಸುವವಳು. ಮೊಮ್ಮಗಳಿಗೆ ಆರು ವರ್ಷ. ಮನೆಯಲ್ಲಿ ಅವಳನ್ನು ಗುಬ್ಬಿ ಅನ್ನುತ್ತಿದ್ದರು. ಗುಬ್ಬಿಗೆ ಮೊಟ್ಟೆ ಆಗಿಬರುತ್ತಿರಲಿಲ್ಲ. ಎರಡು ವರ್ಷದ ಮಗುವಾಗಿದ್ದಾಗ ಯಾರೋ ಒಂದು ಚೂರು ಕೇಕು ತಿನ್ನಿಸಿ, ತುಟಿ ಬಾತು, ಮೈಯೆಲ್ಲ ದದ್ದು ಎದ್ದಿತ್ತು. ಅಂದಿನಿಂದ ಮನೆಯಲ್ಲಿ ಸೊಸೆಯ ಕಾಯಿದೆ. ಮಗ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಎರಡು ಮೊಟ್ಟೆ ತಿನ್ನುತ್ತಿದ್ದ. ಅದಕ್ಕೆ ಬೇರೆ ಬಾಣಲೆ, ಬೇರೆ ಲೋಟ, ತಿಂದ ಕೂಡಲೇ ತೊಳೆಯಬೇಕು. ಅಂಗಡಿಯ ಬ್ರೆಡ್ಡು, ಬನ್ನು, ಬಿಸ್ಕತ್ತು ಯಾವುದೂ ಸೊಸೆ ಪೊಟ್ಟಣದ ಹಿಂದೆ ಮುಂದೆ ಓದದೆ ಮನೆಯೊಳಗೆ ಬರುತ್ತಿರಲಿಲ್ಲ. “ಗುಬ್ಬಿ ತಿನ್ನೋದಕ್ಕಿಂತ ನಿನ್ನ ಹೆಂಡತಿ ಓದೋದೇ ಜಾಸ್ತಿ,” ಎಂದು ಬ್ರಷ್ಷಕ್ಕ ಮಗನೊಡನೆ ನಗುವುದಿತ್ತು.

ಶಾಲೆಯಲ್ಲಿ ಗೆಳತಿಯರು ಬರ್ಗರ್ ತಿನ್ನುವುದನ್ನು ಗುಬ್ಬಿ ನೋಡಿಕೊಂಡು ಬಂದಳು. ಹಟ ಮಾಡಲಿಲ್ಲ, ಅದೇ ಕಷ್ಟ. “ಅದು ಹೇಗಿರುತ್ತೆ ಅಜ್ಜಿ?” ಎಂದು ಮಾತ್ರ ಕೇಳಿದಳು. ಮುಂದಿನ ವಾರವೇ ಸೊಸೆ ಬ್ರೆಡ್ ಮೆಷಿನ್ ತಂದಳು. ಮುಚ್ಚಳದಲ್ಲಿ ಗಾಜಿನ ಕಿಟಕಿ ಇರುವ ಬಿಳಿಯ ಡಬ್ಬಿ, ಒಳಗೊಂದು ಪಾತ್ರೆ, ಪಾತ್ರೆಯ ತಳದಲ್ಲಿ ಹಿಟ್ಟು ನಾದುವ ಪುಟ್ಟ ರೆಕ್ಕೆ. ಬ್ರಷ್ಷಕ್ಕ ಮೊದಲು ಅದನ್ನು ಸವತಿಯ ಹಾಗೆ ನೋಡಿದಳು. ನಾಲ್ಕು ಆಳು ನಾದುತ್ತಿದ್ದ ಹಿಟ್ಟನ್ನು ಈ ಡಬ್ಬಿ ನಾದೀತೇ? ಆದರೆ ಅದು ಗುರ್ರೆನ್ನುತ್ತ, ಕಟ್ಟೆಯ ಮೇಲೆ ಕುಪ್ಪಳಿಸುತ್ತ, ಒಂದೂವರೆ ಗಂಟೆಯಲ್ಲಿ ಮಗುವಿನ ಕೆನ್ನೆಯಂಥ ಹಿಟ್ಟನ್ನು ಕೊಟ್ಟಿತು. ಅವಳು ಅದಕ್ಕೆ ಗುಂಡಣ್ಣ ಎಂದು ಹೆಸರಿಟ್ಟಳು. ಸೊಸೆ ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದ್ದಳು: ಮೊದಲು ಬೆಚ್ಚಗಿನ ಹಾಲು, ಬೆಣ್ಣೆ, ಸಕ್ಕರೆ, ಉಪ್ಪು. ಮೇಲೆ ಮೈದಾ. ಮೈದಾದ ನಡುವೆ ಗುಳಿ ಮಾಡಿ ಯೀಸ್ಟ್. ಹಿಟ್ಟು ತೆಗೆದು ಎಂಟು ಉಂಡೆ, ಅಂಗೈಯಿಂದ ತಟ್ಟಿ ಮುಕ್ಕಾಲು ಗಂಟೆ ಬಿಡಿ. ಮೇಲೆ ಹಾಲು ಸವರಿ ಓವನ್ನಿಗಿಡಿ. ಕೊನೆಯ ಸಾಲಿನ ‘ಹಾಲು’ ಎಂಬುದರ ಕೆಳಗೆ ಎರಡು ಗೆರೆ.

ಹಾಲು ಸವರಿದ ಬನ್ನು ಮೆತ್ತಗಿತ್ತು, ರುಚಿಯಾಗಿತ್ತು, ಆದರೆ ಹೊಳೆಯಲಿಲ್ಲ. ಮೂರನೆಯ ವಾರ ಗುಬ್ಬಿ ಅದನ್ನು ತಿರುಗಿಸಿ ನೋಡಿ, “ಅಂಗಡೀದು ಫಳಫಳ ಅನ್ನುತ್ತೆ ಅಲ್ವಾ ಅಜ್ಜಿ,” ಎಂದಳು. ಮಗು ಅಂದದ್ದು ಅಷ್ಟೇ. ಬ್ರಷ್ಷಕ್ಕನಿಗೆ ಅದು ಚುಚ್ಚಿತು. ಊರಿಗೆಲ್ಲ ಹೊಳಪು ಹಚ್ಚಿದ ಕೈ, ಸ್ವಂತ ಮೊಮ್ಮಗಳ ತಟ್ಟೆಗೆ ಮಂಕು ಬನ್ನು ಹಾಕುವುದೇ?

ಮುಂದಿನ ಶನಿವಾರ ಗುಬ್ಬಿಯ ನಾಲ್ವರು ಗೆಳತಿಯರು ಮನೆಗೆ ಬರುವವರಿದ್ದರು. ಸೊಸೆ ಮಧ್ಯಾಹ್ನದವರೆಗೆ ಅಂಗಡಿಯಲ್ಲಿದ್ದಳು. ಮಗ ಮೊಟ್ಟೆ ಕಲಕಿದ ಲೋಟವನ್ನು ತೊಳೆಯದೆ ಒಲೆಯ ಪಕ್ಕದಲ್ಲೇ ಬಿಟ್ಟು ಕೆಲಸಕ್ಕೆ ಓಡಿದ್ದ. ತಳದಲ್ಲಿ ಎರಡು ಚಮಚದಷ್ಟು ಉಳಿದಿತ್ತು. ಎಂಟು ಬನ್ನು ಉಬ್ಬಿ ಸಾಲಾಗಿ ಕೂತಿದ್ದವು. ಬ್ರಷ್ಷಕ್ಕ ಮರೆತು ಹಚ್ಚಿದಳು ಎಂದು ಹೇಳಿದರೆ ನಾನು ಅವಳ ಪರ ಸುಳ್ಳು ಹೇಳಿದಂತಾಗುತ್ತದೆ. ಮರೆತಿರಲಿಲ್ಲ. ಫ್ರಿಜ್ಜಿನ ಮೇಲಿನ ಆ ಎರಡು ಗೆರೆಗಳನ್ನು ನೋಡಿದಳು. ಹಿಟ್ಟಿನೊಳಗೆ ಒಂದು ಹನಿಯೂ ಹಾಕಿಲ್ಲವಲ್ಲ ಎಂದುಕೊಂಡಳು. ಮೇಲಿದ್ದರೆ ಬರೀ ಹೊಳಪು ಎಂದುಕೊಂಡಳು. ಒಂದೇ ಉಸಿರಿನಲ್ಲಿ ಎಂಟನ್ನೂ ಸವರಿ, ಓವನ್ನಿಗಿಟ್ಟು, ಲೋಟವನ್ನು ತೊಳೆದಿಟ್ಟಳು.

ಸೊಸೆ ಬಂದವಳು ಬನ್ನು ನೋಡಿ, “ಅಬ್ಬ, ಇವತ್ತು ಕನ್ನಡಿ ಥರ ಇದೆಯಲ್ಲ ಅತ್ತೆ,” ಎಂದಳು.

“ಎಲ್ಲ ಕೈಗುಣ ಕಣೆ,” ಎಂದಳು ಬ್ರಷ್ಷಕ್ಕ.

ಸೊಸೆ ಬನ್ನುಗಳನ್ನು ಸೀಳಿ, ತರಕಾರಿಯ ಬಿಲ್ಲೆ ಇಟ್ಟು, ಟೊಮೆಟೊ, ಈರುಳ್ಳಿ ಜೋಡಿಸಿ, ಹೊಸದಾಗಿ ತಂದ ಬಾಟಲಿಯಿಂದ ಬಿಳಿಯ ಸಾಸ್ ಹಾಕಿದಳು. ಬಾಟಲಿಯ ಮುಂದೆ ‘ಮೊಟ್ಟೆ ಇಲ್ಲದ್ದು’ ಎಂದು ದೊಡ್ಡದಾಗಿ ಬರೆದಿತ್ತು. ಗುಬ್ಬಿ ತನ್ನದನ್ನು ಗೆಳತಿಯರ ಬರ್ಗರುಗಳ ಪಕ್ಕದಲ್ಲಿಟ್ಟು ನೋಡಿ, ಎರಡೂ ಕೈಯಲ್ಲಿ ಹಿಡಿದು ಅರ್ಧ ತಿಂದಳು. ಆಮೇಲೆ ಗಂಟಲು ತುರಿಸಿಕೊಂಡಳು. ಹತ್ತು ನಿಮಿಷದಲ್ಲಿ ಕಣ್ಣು ಮುಚ್ಚುವಷ್ಟು ಮುಖ ಬಾತಿತು. ಉಸಿರು ಎಳೆಯುವಾಗ ಸಿಳ್ಳೆಯ ಶಬ್ದ ಬಂತು.

ಆಸ್ಪತ್ರೆಯಲ್ಲಿ ತೊಡೆಗೆ ಸೂಜಿ ಚುಚ್ಚಿದರು, ಮೂಗಿಗೆ ಆಕ್ಸಿಜನ್ ಇಟ್ಟರು. ಡಾಕ್ಟರು ಕೇಳಿದರು: ಏನು ತಿಂದಳು, ಅದರಲ್ಲಿ ಏನೇನಿತ್ತು? ಸೊಸೆ ಒಂದೊಂದೇ ಹೇಳಿದಳು. ಮೈದಾ, ಹಾಲು, ಬೆಣ್ಣೆ, ಯೀಸ್ಟ್. “ಬನ್ನಿಗೆ ಇಷ್ಟೇ ಅಲ್ವಾ ಅತ್ತೆ?”

ಬ್ರಷ್ಷಕ್ಕನಿಗೆ ಆಗಲೇ ಗೊತ್ತಾಗಿತ್ತು. ಗುಬ್ಬಿ ಗಂಟಲಿಗೆ ಕೈ ಹಾಕಿದಾಗಲೇ ಗೊತ್ತಾಗಿತ್ತು. ಬಾಯಿ ತೆರೆದಳು. ಬಂದದ್ದು “ಹೂಂ” ಎಂಬುದೊಂದೇ.

ಮಗು ಮರುದಿನ ಮನೆಗೆ ಬಂತು. ಎರಡೇ ದಿನಕ್ಕೆ ಮೊದಲಿನ ಹಾಗೆ ಕುಣಿಯತೊಡಗಿತು. ಸಾಸಿನ ಬಾಟಲಿಯನ್ನು ಮಗ ಹಿಂದೆ ಮುಂದೆ ತಿರುಗಿಸಿದ. ಹಿಂಬದಿಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರ: ‘ಮೊಟ್ಟೆ ಬಳಸುವ ಕಾರ್ಖಾನೆಯಲ್ಲಿ ತಯಾರಾದದ್ದು.’ ಕಳ್ಳ ಸಿಕ್ಕಿದ ಎಂದು ಎಲ್ಲರೂ ನಂಬಿದರು.

“ದಿನವಿಡೀ ಊರವರ ಕಣ್ಣು ಸರಿ ಮಾಡ್ತೀಯ,” ಎಂದ ಮಗ ಹೆಂಡತಿಗೆ. “ಇದೊಂದು ಸಾಲು ನಿನ್ನ ಕಣ್ಣಿಗೆ ಬೀಳಲಿಲ್ವಾ?”

“ಮುಂದೆ ನೋಡಿದೆ, ಹಿಂದೆ ನೋಡಲಿಲ್ಲ,” ಎಂದಷ್ಟೇ ಹೇಳಿದಳು ಸೊಸೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಗಾದೆ ಕೇಳಿ ನಗುವುದು ಸುಲಭ. ಬರೆ ಬೀಳುವುದನ್ನು ಬ್ರಷ್ಷಕ್ಕ ಪಕ್ಕದಲ್ಲಿ ನಿಂತು ನೋಡಿದಳು, ಬೀನ್ಸ್ ಸೋಸುತ್ತ.

ನಾಳೆ ಹೇಳುತ್ತೇನೆ ಎಂದುಕೊಂಡಳು. ನಾಳೆ ಬಂತು. ಮಗನ ಮುಖ ಗಂಟಾಗಿತ್ತು, ಇವತ್ತು ಬೇಡ ಎಂದುಕೊಂಡಳು. ಮರುದಿನ ಅವನು ನಗುತ್ತಿದ್ದ, ಆರಿದ ಬೆಂಕಿಯನ್ನು ಯಾಕೆ ಕೆದಕಲಿ ಎಂದುಕೊಂಡಳು. ಹೇಳದಿರುವವನಿಗೆ ನೆವ ನೂರು. ಆದರೆ ಬಿಸಿತುಪ್ಪ ಬಾಯಲ್ಲಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಗುಂಡಣ್ಣನಿಗೆ ಟವೆಲ್ ಹೊದಿಸಿಟ್ಟಳು. ಹಾಲು ಚೆಲ್ಲಿದಾಗ ಸೊಸೆಯೇ ಬಂದು ಒರೆಸಿ, “ನೀವು ಹೆದರಿಬಿಟ್ಟಿದ್ದೀರಿ ಅತ್ತೆ, ಕೂತ್ಕೊಳ್ಳಿ,” ಎಂದಳು. ಆ ಒಳ್ಳೆಯ ಮಾತು ಬೈಗುಳಕ್ಕಿಂತ ಕೆಟ್ಟದಾಗಿ ತಾಗಿತು.

ಇನ್ನೊಂದೂ ಕಾಡಿತು. ಬೇಕರಿಯಲ್ಲಿದ್ದಾಗ ಒಮ್ಮೆ ಒಬ್ಬ ತಾಯಿ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಂದು, “ಮೊಟ್ಟೆ ಹಾಕಿಲ್ಲ ಅಂತ ಬರೆದಿದ್ದೀರಲ್ಲ, ಮತ್ತೆ ಯಾಕೆ ಹೀಗಾಯ್ತು?” ಎಂದು ಕೇಳಿದ್ದಳು. ಮಗುವಿನ ಮುಖದ ತುಂಬ ದದ್ದು. “ನಮ್ಮದರಿಂದ ಅಲ್ಲಮ್ಮ,” ಎಂದು ಮಾಸ್ಟರ್ ಕಳಿಸಿಬಿಟ್ಟಿದ್ದರು. ಆಗ ಬ್ರಷ್ಷು ಹಿಡಿದು ಒಳಗೆ ನಿಂತಿದ್ದವಳು ಇವಳೇ. ಆ ಹೆಂಗಸನ್ನು ಜಗಳಗಂಟಿ ಎಂದುಕೊಂಡಿದ್ದಳು. ಈಗ ಅವಳ ಮುಖ ಸ್ಪಷ್ಟವಾಗಿ ನೆನಪಾಗುತ್ತಿತ್ತು, ಕಿವಿಯ ಓಲೆಯ ಸಮೇತ.

ಆ ಶನಿವಾರದಿಂದ ಸೊಸೆ ಗುಬ್ಬಿಯ ತಟ್ಟೆಗೆ ತನ್ನ ಕೈಯಿಂದ ಏನನ್ನೂ ಹಾಕಿರಲಿಲ್ಲ. ಅಡುಗೆ ಮಾಡಿಟ್ಟು, “ಅತ್ತೆ, ನೀವೇ ಬಡಿಸಿ,” ಎಂದು ದೂರ ನಿಲ್ಲುತ್ತಿದ್ದಳು. ಮೊದಲು ಬ್ರಷ್ಷಕ್ಕನಿಗೆ ಅದು ಅರ್ಥವಾಗಲಿಲ್ಲ. ಹತ್ತೊಂಬತ್ತನೆಯ ದಿನ ಅರ್ಥವಾಯಿತು.

ಅಂದು ಸಂಜೆ ಸೊಸೆ ಶಾಲೆಯಿಂದ ಬಂದ ಒಂದು ಕಾಗದ ತಂದು ಊಟದ ಮೇಜಿನ ಮೇಲಿಟ್ಟಳು. ಮಗುವಿನ ಊಟ, ತಿಂಡಿಗೆ ಮನೆಯಲ್ಲಿ ಯಾರು ಜವಾಬ್ದಾರರು ಎಂದು ಬರೆಯುವ ಜಾಗವಿತ್ತು. ಅಲ್ಲಿ ತನ್ನ ಹೆಸರನ್ನು ಗೀಚಿ ಹಾಕಿ ಅತ್ತೆಯ ಹೆಸರು ಬರೆದಿದ್ದಳು.

“ಇಲ್ಲೊಂದು ಸಹಿ ಮಾಡಿ ಅತ್ತೆ. ಇನ್ನು ಮೇಲೆ ಅವಳ ಡಬ್ಬಿ ನೀವೇ ಕಟ್ಟಿ. ನನ್ನ ಕೈ ಮೇಲೆ ನನಗೇ ನಂಬಿಕೆ ಹೋಗಿದೆ. ನೀವು ಮಾಡಿದ್ರಲ್ಲಿ ಏನೂ ತಪ್ಪಿರಲಿಲ್ಲ. ಹಾಳು ಮಾಡಿದ್ದು ನಾನು.”

ಬ್ರಷ್ಷಕ್ಕ ಪೆನ್ನು ಹಿಡಿದಳು. ಅಷ್ಟು ಹಗುರ ಕೈ ಎಂದು ಹೆಸರಾದವಳಿಗೆ ಆ ಪೆನ್ನು ಭಾರವಾಯಿತು. ಅದನ್ನು ಕೆಳಗಿಟ್ಟಳು.

“ಮೊಟ್ಟೆ ನಾನು ಹಚ್ಚಿದ್ದು,” ಎಂದಳು. “ಸಾಸಿನಿಂದ ಆಗಿದ್ದಲ್ಲ. ಲೋಟದಲ್ಲಿ ಉಳಿದಿತ್ತು, ಬನ್ನಿನ ಮೇಲೆ ಸವರಿದೆ. ನೀನು ಗೆರೆ ಎಳೆದಿದ್ದು ನೋಡೇ ಸವರಿದೆ.”

ಸೊಸೆ ಕುರ್ಚಿ ಎಳೆದು ಕೂತಳು. ಪಕ್ಕದ ಕೋಣೆಯಲ್ಲಿ ಗುಬ್ಬಿ ಗೊಂಬೆಗೆ ಪಾಠ ಹೇಳುತ್ತಿದ್ದಳು.

“ಡಾಕ್ಟರು ಕೇಳಿದಾಗ ನಾನು ನಿಮ್ಮ ಮುಖ ನೋಡಿದೆ,” ಎಂದಳು ಸೊಸೆ.

“ಹೌದು, ನೀನು ನೋಡಿದೆ. ನನಗೆ ಆಗಲೇ ಗೊತ್ತಿತ್ತು.”

“ಸವರಿದ್ದು ಇರಲಿ ಅತ್ತೆ. ಆಮೇಲೆ ಹತ್ತೊಂಬತ್ತು ದಿನ ನೀವು ನನ್ನ ಜೊತೆ ಒಂದೇ ಮೇಜಿನಲ್ಲಿ ಊಟ ಮಾಡಿದ್ರಿ.” ಅವಳ ದನಿ ಏರಲಿಲ್ಲ. “ಅವರಿಗೂ ನೀವೇ ಹೇಳಿ. ನಾನು ಹೇಳಿದ್ರೆ ತಪ್ಪನ್ನ ಅಮ್ಮನ ಮೇಲೆ ಹಾಕ್ತಿದ್ದೀಯ ಅಂತಾರೆ.”

ಮಗ ಕೆಲಸದಿಂದ ಬಂದು ಶೂ ಬಿಚ್ಚುತ್ತಿದ್ದಾಗ ಬ್ರಷ್ಷಕ್ಕ ಮತ್ತೊಮ್ಮೆ ಎಲ್ಲವನ್ನೂ ಹೇಳಿದಳು. ಎರಡನೆಯ ಸಲ ಸುಲಭವಾದೀತು ಎಂದುಕೊಂಡಿದ್ದಳು, ಆಗಲಿಲ್ಲ. ಮಗ ಕೂಗುತ್ತಾನೆ ಎಂದು ಕಾದಳು. ಕೂಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಬಂದು ಅವಳ ಭುಜದ ಮೇಲೆ ಕೈಯಿಟ್ಟ.

“ಹೋಗ್ಲಿ ಬಿಡಮ್ಮ,” ಎಂದ. “ಬೇಕೂಂತ ಮಾಡಿದ್ದಾ? ವಯಸ್ಸಾಯ್ತು. ಆ ಲೋಟ ತೊಳೆಯದೆ ಹೋದವನು ನಾನೇ ಅಲ್ವಾ. ಮಗು ಚೆನ್ನಾಗಿದೆ, ಅಷ್ಟು ಸಾಕು.”

ಬ್ರಷ್ಷಕ್ಕ ಸೊಸೆಯ ಕಡೆ ನೋಡಿದಳು. ಸೊಸೆ ಗಂಡನನ್ನೇ ನೋಡುತ್ತಿದ್ದಳು, ಇಂಥ ಮಾತು ಅವನ ಬಾಯಲ್ಲಿ ಇತ್ತೆಂದು ಇವತ್ತೇ ತಿಳಿದವಳ ಹಾಗೆ. ಬ್ರಷ್ಷಕ್ಕನಿಗೆ ನಾಚಿಕೆಯಾಯಿತು. ಮಗನ ಕೈಯನ್ನು ಭುಜದಿಂದ ತೆಗೆದಳು.

“ಇದನ್ನ ನನಗೆ ಹೇಳೋಕೆ ನಿನಗೆ ಒಂದು ನಿಮಿಷ ಹಿಡೀಲಿಲ್ಲ,” ಎಂದಳು. “ಅವಳು ತಪ್ಪು ಮಾಡಿದ್ದಾಳೆ ಅಂತ ನಂಬಿದ್ದಾಗ ಒಂದು ಸಲನಾದ್ರೂ ಹೀಗೆ ಅಂದ್ಯೇನೋ?”

ಮಗನ ಒಂದು ಕಾಲಲ್ಲಿ ಇನ್ನೂ ಶೂ ಇತ್ತು. ಹಾಗೆಯೇ ಕುರ್ಚಿಯಲ್ಲಿ ಕೂತ.

ಸೊಸೆ ಮೇಜಿನ ಮೇಲಿನ ಕಾಗದವನ್ನು ಎಳೆದುಕೊಂಡಳು. ಅತ್ತೆಯ ಹೆಸರಿನ ಮೇಲೆ ಗೆರೆ ಎಳೆದು, ಅಂಚಿನಲ್ಲಿ ಉಳಿದ ಚೂರು ಜಾಗದಲ್ಲಿ ತನ್ನ ಹೆಸರು ಬರೆದಳು. ಎದ್ದು ಗುಬ್ಬಿಯ ತಟ್ಟೆ ತೆಗೆದು ಊಟ ಬಡಿಸಿದಳು. ಹತ್ತೊಂಬತ್ತು ದಿನದ ಮೇಲೆ ತಾನೇ ಬಡಿಸಿದಳು. ಬ್ರಷ್ಷಕ್ಕ ಅಭ್ಯಾಸಬಲದಿಂದ ಚಮಚ ತರಲು ಅಡುಗೆಮನೆಯ ಕಡೆ ಎರಡು ಹೆಜ್ಜೆ ಇಟ್ಟಳು.

“ಅತ್ತೆ,” ಎಂದಳು ಸೊಸೆ, ತಿರುಗಿ ನೋಡದೆ. “ಇನ್ನು ಮೇಲೆ ಅಡುಗೆಮನೆಗೆ ಬರೋ ಮುಂಚೆ ನನ್ನನ್ನ ಕೇಳಿ.”

ಬ್ರಷ್ಷಕ್ಕ ಹೊಸಿಲಿನ ಈಚೆಗೇ ನಿಂತಳು.

“ಆಗ್ಲಮ್ಮ,” ಎಂದಳು. “ಕೇಳೇ ಬರ್ತೀನಿ.”